ದೊಡ್ಡಕರುಳಿನ ಕ್ಯಾನ್ಸರ್: ಪ್ರೋಟೀನಿನ ಸಾರವೆ ಮುರಿದರೆ ಏನಾಗುತ್ತದೆ?

ಮಲದಲ್ಲಿ ರಕ್ತ ಕಂಡರೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಮೊದಲು ಬರುವ ಮಾತು ಮೂಲವ್ಯಾಧಿ. ಬಹಳ ಸಲ ಅದು ನಿಜವೂ ಹೌದು. ಆದರೆ ದೊಡ್ಡಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು.

ಈ ಕ್ಯಾನ್ಸರ್ ಹೇಗೆ ಶುರುವಾಗುತ್ತದೆಂದು ತಿಳಿಯಲು ಕೋಶದೊಳಗೆ ನೋಡಬೇಕು. ನಮ್ಮ ಜೀವಕೋಶಗಳಲ್ಲಿ ಸ್ಕ್ಯಾಫೋಲ್ಡ್ ಪ್ರೋಟೀನ್‌ಗಳಿವೆ. ಗಾರೆಯವರು ಕಟ್ಟಿಕೊಳ್ಳುವ ಸಾರವೆಯಂತೆ, ಕೆಲಸ ಮಾಡುವ ಬೇರೆ ಪ್ರೋಟೀನ್‌ಗಳನ್ನು ಒಂದೆಡೆ ನಿಲ್ಲಿಸಿಕೊಡುವುದು ಇವುಗಳ ಕೆಲಸ. ಕರುಳಿನ ಮಟ್ಟಿಗೆ ಮುಖ್ಯವಾದವು ಆಕ್ಸಿನ್ ಮತ್ತು ಎಪಿಸಿ. ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನ್ ಕೋಶವನ್ನು ಬೆಳೆಯಲು ಪ್ರಚೋದಿಸುತ್ತದೆ. ಅದು ಮಿತಿಮೀರದಂತೆ ಆಕ್ಸಿನ್, ಎಪಿಸಿ ಎರಡೂ ಹಿಡಿದುಕೊಡುತ್ತವೆ. ಜೊತೆಗಿರುವ ಕೈನೇಸ್ ಕಿಣ್ವಗಳು ಅದಕ್ಕೆ ಗುರುತು ಹಾಕುತ್ತವೆ. ಗುರುತು ಬಿದ್ದದ್ದನ್ನು ಕೋಶ ಒಡೆದುಹಾಕುತ್ತದೆ.

ಹೆಚ್ಚಿನ ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಎಪಿಸಿ ಪ್ರೋಟೀನಿನ ಜೀನ್ (1991ರಲ್ಲಿ ಪತ್ತೆಯಾದದ್ದು) ಕೆಟ್ಟಿರುತ್ತದೆ. ಆಗ ಬೀಟಾ-ಕ್ಯಾಟೆನಿನ್ ಉಳಿದುಹೋಗಿ, ಕೋಶಕೇಂದ್ರ ಸೇರಿ, ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಕರುಳಿನ ಒಳಗೋಡೆಯಲ್ಲಿ ಪಾಲಿಪ್, ಅಂದರೆ ಸಣ್ಣ ಗಂಟು ಏಳುತ್ತದೆ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಆಗುವವಕ್ಕೂ ಸಾಮಾನ್ಯವಾಗಿ 10 ವರ್ಷದಷ್ಟು ಹಿಡಿಯುತ್ತದೆ. ಕಾಯಿಲೆ ತಡೆಯಲು ನಮಗೆ ಸಿಗುವ ಅವಕಾಶ ಇದೇ.

ಹರಡುವುದು ಹೇಗೆ? ಐಕ್ಯೂಗ್ಯಾಪ್1 ಎಂಬ ಇನ್ನೊಂದು ಸ್ಕ್ಯಾಫೋಲ್ಡ್ ಕೋಶದ ಚಲನೆಗೆ ನೆರವಾಗುತ್ತದೆ. ಗಡ್ಡೆಯಲ್ಲಿ ಇದು ಹೆಚ್ಚಾದರೆ ಕೋಶಗಳು ಜಾಗ ಬಿಟ್ಟು ಸರಿಯಲು ದಾರಿಯಾಗುತ್ತದೆ. ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗುವುದರಿಂದ ಕ್ಯಾನ್ಸರ್ ಹೆಚ್ಚಾಗಿ ಅಲ್ಲಿಗೇ ಹರಡುತ್ತದೆ.

ಮುರಿದ ಎಪಿಸಿಯನ್ನು ಸರಿಮಾಡುವ ಮಾತ್ರೆ ಇದೆಯೇ ಎಂದು ಕೇಳಬಹುದು. ಚಿಕಿತ್ಸೆಗೆ ಬಳಸುವಂಥದ್ದು ಇನ್ನೂ ಬಂದಿಲ್ಲ. ಆದರೆ ಪಾಲಿಪ್ ಹಂತದಲ್ಲೇ ತಡೆಯಲು ಕೊಲೊನೋಸ್ಕೋಪಿ ಇದೆ. ಹಿಂದಿನ ದಿನ ಗಟ್ಟಿ ಊಟ ಬಿಟ್ಟು, ಭೇದಿ ಔಷಧಿ ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು. ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದಿಂದ ಬಿಟ್ಟು ಒಳಗೆಲ್ಲ ನೋಡುತ್ತಾರೆ. ಪಾಲಿಪ್ ಕಂಡರೆ ತಂತಿಯ ಕುಣಿಕೆ ಹಾಕಿ ಸಾಮಾನ್ಯವಾಗಿ ಆಗಲೇ ಕತ್ತರಿಸಿ ತೆಗೆಯುತ್ತಾರೆ. ನಾಚಿಕೆಯಿಂದ ಇದನ್ನು ಮುಂದೂಡುವುದು ಬೇಡ.

ಲಕ್ಷಣ ಕಂಡರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮಲದ ರಕ್ತ, ಮಲವಿಸರ್ಜನೆಯಲ್ಲಾದ ಬದಲಾವಣೆ, ತೂಕ ಇಳಿದದ್ದು, ರಕ್ತಹೀನತೆ, ಎಲ್ಲವನ್ನೂ ಹೇಳಿ. ಮುಂದಿನ ಹಂತಕ್ಕೆ ಮಂಡ್ಯದ ಮಿಮ್ಸ್ ಆಸ್ಪತ್ರೆ ಇದೆ. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ, ಶ್ರೀರಂಗಪಟ್ಟಣದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಕೆ.ಆರ್. ಪೇಟೆಯವರಾಗಲಿ ಬೇರೆಯವರಾಗಲಿ, ಕ್ಯಾನ್ಸರ್ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೂ ಹೋಗಬಹುದು.

ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನೂ ಕೇಳಿ ಪಡೆಯಿರಿ.

ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಬಂದಿದ್ದರೆ ಲಕ್ಷಣಕ್ಕಾಗಿ ಕಾಯಬೇಡಿ. 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಕಾಯಿಲೆ ಕಂಡ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಬಗ್ಗೆ ಡಾಕ್ಟರನ್ನು ಕೇಳಿ.