ಪೌಂಡಿನ ಗುರುತಿನೊಳಗೆ ಅಡಗಿದ್ದ ಕನ್ನಡ

ಇಂಗ್ಲಿಷಿನ ದೊಡ್ಡ ಪಿ. ಪಕ್ಕದಲ್ಲಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ. ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ನೋಡಲು ಬಿ ಥರ ಇರುವ ಜರ್ಮನ್ ಅಕ್ಷರವೊಂದು, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಆ ಎ. ಒಟ್ಟು ಏಳು ಗುರುತು. ಯಾರು ನೋಡಿದರೂ ಫೈಲು ಕೆಟ್ಟಿದೆ ಎಂದು ಮುಚ್ಚಿಬಿಡುತ್ತಾರೆ. ಅದಕ್ಕೆ 'ನುಡಿ' ಫಾಂಟು ಹಾಕಿ ನೋಡಿ. ಅಲ್ಲಿರುವುದು 'ಕನ್ನಡ'!

ಕಳಸದಲ್ಲಿ ನನ್ನ ಜತೆ ಓದಿದವರೆಲ್ಲ ಹುಡುಕುತ್ತಿದ್ದ ಒಂದು ಆಟ ಇಷ್ಟು ಕಾಲ ಕೈಗೆ ಸಿಗದೆ ಹೋದದ್ದು ಈ ಏಳು ಗುರುತಿನ ವೇಷದಿಂದಾಗಿ. ಲೆಕ್ಕ ಕಲಿಸುವ ಆಟ ಅದು. ಒಂದು ಸಂತೆ, ತಕ್ಕಡಿ ಹಿಡಿದ ಅಜ್ಜಿ. ಲೆಕ್ಕ ಸರಿಯಾದರೆ ಅಜ್ಜಿ ನಗುತ್ತಾಳೆ, ತಪ್ಪಿದರೆ ತಕ್ಕಡಿ ವಾಲಿ ಬದನೆಕಾಯಿಗಳು ಉರುಳುತ್ತವೆ. ಒಂದು ಕಂಪ್ಯೂಟರಿನ ಮುಂದೆ ನಾವು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡುತ್ತಿದ್ದೆವು. ಹೊರಗೆ ಜುಲೈ ತಿಂಗಳ ಮಳೆ, ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ, ಕರೆಂಟು ಯಾವಾಗ ಹೋಗುತ್ತದೋ ಎಂಬ ಆತಂಕ. ಆಟದ ಹೆಸರು ಮಾತ್ರ ಯಾರಿಗೂ ನೆನಪಿಲ್ಲ. ಬೆಂಗಳೂರಿನಲ್ಲಿರುವ ಗೆಳೆಯನಿಗೆ ಫೋನ್ ಮಾಡಿದರೆ, "ಅಜ್ಜಿ ಅಲ್ಲ ಮಾರಾಯ, ಅಜ್ಜ! ಬದನೆಕಾಯಿ ಮಾತ್ರ ಹೌದು" ಎಂದ.

ಆ ಕಾಲವನ್ನು ನೆನೆದರೆ ಈಗಲೂ ಬೆರಗಾಗುತ್ತದೆ. 2001ರ ಸುಮಾರಿಗೆ ರಾಜ್ಯ ಸರ್ಕಾರ 'ಮಾಹಿತಿ ಸಿಂಧು' ಎಂದು ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗಾಗಿ ನೂರಕ್ಕೂ ಹೆಚ್ಚು ಕಲಿಕಾ ಸಿ.ಡಿ.ಗಳನ್ನು ಮಾಡಿಸಿತು, ಅವು ಕನ್ನಡದಲ್ಲಿ ಬಂದವು, ದೇಶದ ಬೇರೆ ಹಲವು ಭಾಷೆಗಳಲ್ಲಿಯೂ ಬಂದವು. ಖಾಸಗಿ ಕಂಪನಿಗಳ ಸಿ.ಡಿ.ಗಳು ಬೇರೆ. ಆಗ ಕಳಸ ಇನ್ನೂ ಮೂಡಿಗೆರೆ ತಾಲ್ಲೂಕಿನಲ್ಲಿತ್ತು. ಅದೇ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ, ಕಂಪ್ಯೂಟರಿನಲ್ಲಿ ಕನ್ನಡ ಉಳಿಯದಿದ್ದರೆ ಗತಿಯೇನು ಎಂದು ಹಗಲಿರುಳು ತಲೆಕೆಡಿಸಿಕೊಂಡು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಬೆನ್ನಿಗೆ ನಿಂತಿದ್ದರು. ಮಕ್ಕಳಾದ ನಮಗೆ ಇದೊಂದೂ ತಿಳಿಯದು. ನಮಗೆ ತಕ್ಕಡಿ ಸಾಕಾಗಿತ್ತು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಫೌಂಡೇಶನ್ ಸಿ.ಡಿ.ಗಳನ್ನು ಬಿಟ್ಟು ಶಿಕ್ಷಕರ ಕಡೆ ಹೊರಳಿತು. ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋದವು. ಸಿ.ಡಿ.ಗಳು?

ಒಂದು ಸಿಕ್ಕಿತು! ಊರಿನ ಮುಚ್ಚಿಹೋದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ ಅಕ್ಕ ಹಳೆಯ ಸಿ.ಡಿ.ಗಳ ಪೌಚನ್ನು ತೋಟದ ಮನೆಯ ಅಟ್ಟದಲ್ಲಿ ಇಟ್ಟುಕೊಂಡಿದ್ದರು. "ಎಂತಕ್ಕೆ ಬಿಸಾಡುದು, ಇರ್ಲಿ ಅಂತ ಇಟ್ಟೆ" ಎಂದರು. ಲೇಬಲ್ ಪೂರ್ತಿ ಅಳಿಸಿತ್ತು. ಅಂಚಿನಿಂದ ಒಳಕ್ಕೆ ಬೂಸ್ಟು ಹಬ್ಬಿತ್ತು. ಮಲೆನಾಡಿನಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಹಿಡಿಯುವ ಬೂಸ್ಟು ಸಿ.ಡಿ.ಯನ್ನು ಬಿಟ್ಟೀತೆ? ಬೂಸ್ಟು ಸಿ.ಡಿ.ಯನ್ನು ನಿಜಕ್ಕೂ ತಿನ್ನಬಲ್ಲದು. ಮಧ್ಯ ಅಮೆರಿಕದ ಬೆಲೀಜ್‌ನ ಸೆಕೆಯಲ್ಲಿ ಹಾಳಾದ ಒಂದು ಸಿ.ಡಿ.ಯ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ಶಿಲೀಂಧ್ರವೊಂದು ಮೇಯ್ದಿರುವುದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ಕಂಡರು.

ಆದರೂ ನಮ್ಮ ಸಿ.ಡಿ. ಓದಿಸಿಕೊಂಡಿತು. ಹೇಗೆ ಎನ್ನುವುದೇ ಒಂದು ಸೋಜಿಗ. ಸಿ.ಡಿ.ಯ ಮೇಲೆ ಬರಹ ಒಂದೇ ಸುರುಳಿಯಾಗಿ ಒಳಗಿನಿಂದ ಹೊರಗೆ ಹೋಗುತ್ತದೆ. ತುಂಬಿದ ಸಿ.ಡಿ.ಯ ಸುರುಳಿಯನ್ನು ಬಿಡಿಸಿ ನೆಲದ ಮೇಲೆ ಹಾಸಿದರೆ ಐದು ಕಿಲೋಮೀಟರಿಗೂ ಉದ್ದ. ಕಳಸದಿಂದ ಹೊರನಾಡಿನ ದಾರಿಯಲ್ಲಿ ಅರ್ಧಕ್ಕಿಂತ ಮುಂದೆ ಹೋಗಿಬಿಡುತ್ತೀರಿ! ಆ ಉದ್ದಕ್ಕೂ ಮಾಹಿತಿಯನ್ನು ಚೂರು ಮಾಡಿ, ಕಲೆಸಿ, ದೂರದೂರಕ್ಕೆ ಚೆದುರಿಸಿ ಇಟ್ಟಿರುತ್ತಾರೆ. ಜತೆಗೆ ಕಳೆದುಹೋದ ಚೂರನ್ನು ಮತ್ತೆ ಲೆಕ್ಕ ಹಾಕಿ ಪಡೆಯಲು ಬೇಕಾದ ಹೆಚ್ಚುವರಿ ಅಂಕಿಗಳನ್ನೂ ಸೇರಿಸಿರುತ್ತಾರೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು 1960ರಲ್ಲಿ ಬರೆದ ಗಣಿತ ಇದು. ಸುರುಳಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಪೂರ್ತಿ ಅಳಿಸಿಹೋದರೂ ಒಂದಕ್ಷರ ನಷ್ಟವಿಲ್ಲದೆ ಮರಳಿ ಬರುತ್ತದೆ. ಲೆಕ್ಕ ಕಲಿಸುವ ಆಟವನ್ನು ಉಳಿಸಿಕೊಟ್ಟದ್ದು ಲೆಕ್ಕವೇ!

ಮೊದಲು ಇಡೀ ಸಿ.ಡಿ.ಯ ಪ್ರತಿ ತೆಗೆದೆ. ಕನ್ನಡದಲ್ಲಿ 'ಸಂತೆ' ಎಂದು ಹುಡುಕಿದೆ, ಏನೂ ಇಲ್ಲ. 'ಅಜ್ಜಿ', ಏನೂ ಇಲ್ಲ. ಏಕೆಂದರೆ ಆ ಕಾಲದ ವಿಂಡೋಸ್ 98ಕ್ಕೆ ಕನ್ನಡವೇ ಗೊತ್ತಿರಲಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿದ್ದರೂ ಅದು ಊರೂರಿನ ಕಂಪ್ಯೂಟರಿಗೆ ಬಂದು ಮುಟ್ಟಲು ವರ್ಷಗಳು ಹಿಡಿದವು. ಅಲ್ಲಿಯವರೆಗೆ ಫಾಂಟು ಮಾಡುವವರು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿದ್ದ ಮನೆಗಳಲ್ಲಿ ನಮ್ಮ ಒತ್ತು, ದೀರ್ಘ, ಗುಣಿತಗಳನ್ನು ಕೂರಿಸಿದರು. ಪೌಂಡಿನ ಮನೆಯಲ್ಲಿ ನಕಾರದ ಮೈ, ಜರ್ಮನ್ ಅಕ್ಷರದ ಮನೆಯಲ್ಲಿ ನಾವತ್ತು. ಎಂಥ ಧೈರ್ಯ, ಎಂಥ ಜಾಣ್ಮೆ! ಆದರೆ ಹಾಗೆ ಬರೆದ ಕನ್ನಡ ಇವತ್ತಿನ ಯಾವ ಹುಡುಕಾಟಕ್ಕೂ ಕಾಣುವುದಿಲ್ಲ.

ಹಾಗಾಗಿ ವೇಷ ಹಾಕಿಕೊಂಡೇ ಹುಡುಕಬೇಕಾಯಿತು. ಆ ಏಳು ಗುರುತುಗಳನ್ನು ಕೊಟ್ಟೆ. ದೊಡ್ಡದೊಂದು ಫೈಲು ಎದ್ದು ಬಂತು. ಒಳಗೆ ಇಳಿದರೆ ಒಂದೆಡೆ ಎಫ್, ಡಬ್ಲ್ಯೂ, ಎಸ್ ಎಂಬ ಮೂರು ಅಕ್ಷರ. ಆ ಕಾಲದಲ್ಲಿ ಇಂಥ ಆಟಗಳನ್ನು ಮಾಡುತ್ತಿದ್ದ 'ಫ್ಲ್ಯಾಶ್' ತಂತ್ರಾಂಶದ ಕುಗ್ಗಿಸದ ಫೈಲುಗಳೆಲ್ಲ ಶುರುವಾಗುವುದು ಹೀಗೆ. ಇಡೀ ಆಟ ಅಲ್ಲಿ ಅಡಗಿ ಕೂತಿತ್ತು! ಕೆಳಗಿನ ಗೊಂದಲದ ಸಾಲುಗಳನ್ನು, ಅರವಿಂದ ವಿ.ಕೆ. ಬರೆದು ಎಲ್ಲರಿಗೂ ತೆರೆದಿಟ್ಟಿರುವ ನುಡಿ-ಯುನಿಕೋಡ್ ಪರಿವರ್ತಕಕ್ಕೆ ಹಾಕಿದೆ. ಸಾಲು ಸಾಲಾಗಿ ಕನ್ನಡ ಉದುರಿತು. ಸರಿ. ತಪ್ಪು. ಇನ್ನೊಮ್ಮೆ ತೂಗು.

ಅಡೋಬಿ ಕಂಪನಿ ಫ್ಲ್ಯಾಶನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಆದರೆ 'ರಫಲ್' ಎಂಬ ಮುಕ್ತ ತಂತ್ರಾಂಶ ಹಳೆಯ ಫ್ಲ್ಯಾಶನ್ನು ಹೊಸ ಕಂಪ್ಯೂಟರಿನಲ್ಲಿ ಆಡಿಸುತ್ತದೆ. ಇಂಟರ್ನೆಟ್ ಆರ್ಕೈವ್ ಸಹ ಅದರಿಂದಲೇ ಸಾವಿರಾರು ಆಟಗಳನ್ನು ಬದುಕಿಸಿಟ್ಟಿದೆ. ಫೈಲನ್ನು ಅದಕ್ಕೆ ಕೊಟ್ಟೆ. ಸಂತೆ ತೆರೆಯಿತು. ಅಜ್ಜಿ ಇದ್ದಳು! ಐದು ಲೆಕ್ಕ ಮುಗಿದ ಮೇಲೆ ಅಜ್ಜಿ ಎದ್ದು ಹೋದಳು, ತಕ್ಕಡಿ ಹಿಡಿದು ಅಜ್ಜ ಬಂದು ಕೂತ. ಬೆಂಗಳೂರಿನ ಗೆಳೆಯ ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಅವನು ತರಗತಿಯಲ್ಲಿ ಜಾಣ, ಅಜ್ಜನವರೆಗೆ ಹೋಗಿದ್ದ.

ಅಜ್ಜನ ಆಚೆ ಇನ್ನೊಂದು ಸಂತೆ ಇದೆ. ಅಲ್ಲಿ ಅಡಿಕೆ, ಏಲಕ್ಕಿ, ಮೆಣಸು, ತೂಕವೆಲ್ಲ ದಶಮಾಂಶದಲ್ಲಿ. ನಮ್ಮಲ್ಲಿ ಯಾರೂ ಅದನ್ನು ನೋಡಿದ ನೆನಪಿಲ್ಲ. ಅಷ್ಟು ಹೊತ್ತು ಕಳಸದಲ್ಲಿ ಕರೆಂಟು ಎಲ್ಲಿ ಇರುತ್ತಿತ್ತು?

ಸುದ್ದಿ ಹರಡಿದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಾಗ ಕಾಲೊನಿ ಬಿಟ್ಟು ಮಂಗಳೂರಿಗೆ ಹೋದ ಕುಟುಂಬವೊಂದರಿಂದ ನಿನ್ನೆ ಫೋನ್ ಬಂತು. ಅವರ ಟ್ರಂಕಿನಲ್ಲಿ ಮಕ್ಕಳ ಹಳೆಯ ಸಿ.ಡಿ.ಗಳು ಇವೆಯಂತೆ, ಒಂದರಲ್ಲಿ ಕನ್ನಡದ ಒಗಟುಗಳಂತೆ. ಬಿಸಿಲಿಗೆ ಇಡಬೇಡಿ, ಬಟ್ಟೆಯಲ್ಲಿ ಉಜ್ಜಬೇಡಿ, ನಾನು ಬರುವವರೆಗೆ ಹಾಗೇ ಇರಲಿ ಎಂದು ಹೇಳಿದ್ದೇನೆ. ನಾಳೆ ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ.