ಸಕ್ಕರೆಯಲ್ಲದ ಸಿಹಿ

ಬಿಸಿಲಿನಲ್ಲಿ ನಡೆದು ಬಂದ ಅತಿಥಿಯ ಮುಂದೆ ಒಂದು ತುಂಡು ಬೆಲ್ಲವನ್ನೂ ಒಂದು ಚೊಂಬು ನೀರನ್ನೂ ಇಡುವುದು ನಮ್ಮ ನಾಡಿನ ಹಳೆಯ ರೂಢಿ. ಸಂಕ್ರಾಂತಿಗೆ ಎಳ್ಳುಬೆಲ್ಲ, ಯುಗಾದಿಗೆ ಬೇವುಬೆಲ್ಲ, ಮದುವೆಯ ಊಟಕ್ಕೆ ಹೋಳಿಗೆ. ಸಿಹಿಯಿಲ್ಲದ ಸಂಭ್ರಮವನ್ನು ನಾವು ಊಹಿಸಲಾರೆವು. ಆದರೆ ಅದೇ ಮದುವೆಯ ಪಂಕ್ತಿಯಲ್ಲಿ, ಹೋಳಿಗೆ ತಮ್ಮ ಎಲೆಯ ಬಳಿಗೆ ಬಂದೊಡನೆ ಕೈ ಅಡ್ಡಹಿಡಿದು 'ನನಗೆ ಬೇಡ' ಎನ್ನುವ ಹಿರಿಯರನ್ನು ನೀವು ಕಂಡಿರಬಹುದು. ಅವರಿಗೆ ಆಸೆಯಿಲ್ಲವೆಂದಲ್ಲ, ಮಧುಮೇಹವಿದೆ. ಇಂಥವರಿಗಾಗಿಯೂ, ದೇಹದ ತೂಕಕ್ಕೆ ಅಂಜುವವರಿಗಾಗಿಯೂ, ಸಕ್ಕರೆಯ ಸವಿಯನ್ನು ಕೊಟ್ಟು ಅದರ ಶಕ್ತಿಯನ್ನು ಕೊಡದಿರುವ ಕೆಲವು ಪದಾರ್ಥಗಳು ಇಂದು ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಯಾವುವು, ಯಾವುದನ್ನು ಎಲ್ಲಿ ಬಳಸಬಹುದು ಎಂಬುದನ್ನು ವಿಚಾರಿಸೋಣ.

ಒಂದು ಗ್ರಾಂ ಸಕ್ಕರೆ ದೇಹಕ್ಕೆ ಸುಮಾರು 4 ಕಿಲೊಕ್ಯಾಲೊರಿ ಶಕ್ತಿಯನ್ನು ಒದಗಿಸುತ್ತದೆ. ಒಂದು ಚಿಕ್ಕ ಚಮಚದಲ್ಲಿ 5 ಗ್ರಾಂ ಸಕ್ಕರೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವನ ಹೊಟ್ಟೆಗೆ 40 ಗ್ರಾಂ ಸಕ್ಕರೆ, ಎಂದರೆ 160 ಕಿಲೊಕ್ಯಾಲೊರಿ, ಕಾಫಿಯೊಂದರಿಂದಲೇ ಸೇರುತ್ತದೆ. ಹೊರಗಿನಿಂದ ಬೆರೆಸುವ ಸಕ್ಕರೆ, ಜೇನು, ಹಣ್ಣಿನ ರಸ ಮೊದಲಾದುವುಗಳಲ್ಲಿರುವ ಸಕ್ಕರೆಯ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. 2000 ಕಿಲೊಕ್ಯಾಲೊರಿ ಉಣ್ಣುವವನಿಗೆ ಇದು 50 ಗ್ರಾಂ ಆಗುತ್ತದೆ. ನಮ್ಮ ಕಾಫಿಪ್ರಿಯನಿಗೆ ಇನ್ನು ಉಳಿದದ್ದು ಹತ್ತೇ ಗ್ರಾಂ! ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ಹಿಡಿದರೆ ಪಾರಾದೆವೆಂದು ನಂಬುವವರು ಬಹುಮಂದಿ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿರುವುದು ದಿಟ. ಆದರೆ ಅದರ ಬಹುಭಾಗವೂ ಸಕ್ಕರೆಯೇ. 100 ಗ್ರಾಂ ಸಕ್ಕರೆಯಿಂದ ಸುಮಾರು 400 ಕಿಲೊಕ್ಯಾಲೊರಿ ದೊರೆತರೆ ಅಷ್ಟೇ ಬೆಲ್ಲದಿಂದ ಸುಮಾರು 380 ದೊರೆಯುತ್ತದೆ. ಮಧುಮೇಹಿಗೆ ಇವೆರಡರ ನಡುವಣ ಅಂತರ ಹೆಸರಿನದು ಮಾತ್ರ.

ಕೃತಕ ಸಿಹಿಯ ಕಥೆ ತೊಳೆಯದ ಕೈಯಿಂದ ಆರಂಭವಾಗುತ್ತದೆ. 1879ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ, ಇರಾ ರೆಮ್ಸೆನ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ, ಕಾನ್‌ಸ್ಟಾಂಟಿನ್ ಫಾಲ್ಬರ್ಗ್ ಎಂಬಾತ ಕಲ್ಲಿದ್ದಲ ಟಾರಿನಿಂದ ಬರುವ ಸಂಯುಕ್ತಗಳನ್ನು ಪರೀಕ್ಷಿಸುತ್ತಿದ್ದ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವನ ಕೈಯ ರೊಟ್ಟಿ ಅತಿಯಾಗಿ ಸಿಹಿಯೆನಿಸಿತು. ಸಿಹಿಯಿದ್ದುದು ರೊಟ್ಟಿಯಲ್ಲಲ್ಲ, ಬೆರಳುಗಳಲ್ಲಿ. ಅವನು ಊಟವನ್ನು ಬಿಟ್ಟು ಪ್ರಯೋಗಶಾಲೆಗೆ ಓಡಿ ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ನೆಕ್ಕಿ ನೋಡಿದನಂತೆ. (ರಸಾಯನವಿಜ್ಞಾನದ ವಿದ್ಯಾರ್ಥಿಗಳು ಅನುಕರಿಸತಕ್ಕ ಕಾರ್ಯ ಇದಲ್ಲ.) ಹೀಗೆ ದೊರೆತದ್ದೇ ಸ್ಯಾಕರಿನ್. ಇದರ ಸಿಹಿ ಸಕ್ಕರೆಯ ಸುಮಾರು ಮುನ್ನೂರರಿಂದ ಐನೂರರಷ್ಟು. ಶೋಧವನ್ನು ಇಬ್ಬರೂ ಒಟ್ಟಾಗಿ ಪ್ರಕಟಿಸಿದರೂ ಫಾಲ್ಬರ್ಗ್ ಮುಂದೆ ತಾನೊಬ್ಬನೇ ಹಕ್ಕುಪತ್ರ ಪಡೆದ. ಇದರಿಂದ ಗುರುವಿಗಾದ ನೋವು ಕಡೆಯವರೆಗೂ ಮಾಯಲಿಲ್ಲ.

ಮುಂದಿನವೂ ಆಕಸ್ಮಿಕಗಳೇ. 1965ರಲ್ಲಿ ಜೇಮ್ಸ್ ಶ್ಲಾಟರ್ ಎಂಬ ರಸಾಯನವಿಜ್ಞಾನಿ ಹೊಟ್ಟೆಹುಣ್ಣಿನ ಔಷಧಕ್ಕಾಗಿ ಶ್ರಮಿಸುತ್ತಿದ್ದಾಗ, ಕಾಗದವೊಂದನ್ನು ಎತ್ತಿಕೊಳ್ಳಲು ಬೆರಳನ್ನು ನಾಲಗೆಗೆ ಸೋಕಿಸಿದ. ಆಸ್ಪರ್ಟೇಮ್ ಬೆಳಕಿಗೆ ಬಂದಿತು. 1976ರಲ್ಲಿ ಲಂಡನ್ನಿನಲ್ಲಿ ಲೆಸ್ಲಿ ಹಫ್ ಎಂಬ ಪ್ರಾಧ್ಯಾಪಕರೊಡನೆ ದುಡಿಯುತ್ತಿದ್ದ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ತರುಣನಿಗೆ, ಕ್ಲೋರಿನ್ ಸೇರಿಸಿದ ಸಕ್ಕರೆಯೊಂದನ್ನು 'ಟೆಸ್ಟ್' ಮಾಡಲು ಹೇಳಲಾಯಿತು. ಆತನ ಕಿವಿಗೆ ಅದು 'ಟೇಸ್ಟ್' ಎಂದು ಬಿದ್ದಿತು. ಆತ ಅದರ ರುಚಿಯನ್ನೇ ನೋಡಿಬಿಟ್ಟ. ಸಕ್ಕರೆಗಿಂತ ಸುಮಾರು 600 ಮಡಿ ಸಿಹಿಯಾದ ಸುಕ್ರಲೋಸ್ ಜಗತ್ತಿಗೆ ದೊರೆತದ್ದು ಈ ತಪ್ಪು ಕೇಳಿಕೆಯಿಂದ.

ಇವೆಲ್ಲಕ್ಕಿಂತ ಹಳೆಯದು ಒಂದು ಎಲೆ. ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ ಗ್ವಾರನಿ ಜನರು ತಮ್ಮ ಪಾನೀಯವನ್ನು ಸಿಹಿಗೊಳಿಸಲು ಬಳಸುತ್ತಿದ್ದ ಸ್ಟೀವಿಯಾ ಗಿಡ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಅದರಿಂದ ಬೇರ್ಪಡಿಸಿದ ಸಾರವನ್ನು ಆಹಾರದಲ್ಲಿ ಬಳಸಲು ಭಾರತದಲ್ಲಿ 2015ರಲ್ಲಿ ಅನುಮತಿ ದೊರೆಯಿತು. ಜೇಷ್ಠಮಧುವನ್ನು ನೆನಪಿಸುವ ಕಿರುಗಹಿಯೊಂದು ಇದರ ಹಿಂದೆ ನಾಲಗೆಯಲ್ಲಿ ಉಳಿಯುತ್ತದೆ. ಕೆಲವರಿಗೆ ಅದು ಹಿಡಿಸುವುದಿಲ್ಲ.

ಕಾಫಿ, ಚಹ, ಪಾನಕಗಳ ಮಟ್ಟಿಗೆ ಆಯ್ಕೆ ಸುಲಭ. ಅಲ್ಲಿ ಸಕ್ಕರೆ ಮಾಡುವ ಕೆಲಸ ಒಂದೇ, ಸಿಹಿ ಕೊಡುವುದು. ಮೇಲೆ ಹೇಳಿದ ಯಾವುದೂ ಅದನ್ನು ಮಾಡಬಲ್ಲುದು. ಆಸ್ಪರ್ಟೇಮ್ ಮಾತ್ರ ಹೆಚ್ಚು ಕಾಯಿಸಿದರೆ ಒಡೆದು ಸಿಹಿಯನ್ನು ಕಳೆದುಕೊಳ್ಳುವುದರಿಂದ ಅದನ್ನು ಒಲೆಯಿಂದಿಳಿಸಿದ ಮೇಲೆ ಬೆರೆಸಬೇಕು. ಫಿನೈಲ್‌ಕೀಟೋನೂರಿಯ ಎಂಬ ಹುಟ್ಟುರೋಗವುಳ್ಳವರಿಗೆ ಅದು ಸಲ್ಲದು.

ತೊಡಕು ಬರುವುದು ಅಡುಗೆಯಲ್ಲಿ. ಮೈಸೂರುಪಾಕನ್ನು ಮಾಡುವುದನ್ನು ನೋಡಿದ್ದೀರಷ್ಟೆ? ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಬೆರಳುಗಳ ನಡುವೆ ಹಿಡಿದರೆ ಎಳೆ ಬರುವಷ್ಟು ಪಾಕವಾದ ಮೇಲೆ ಕಡಲೆಹಿಟ್ಟನ್ನೂ ಕಾದ ತುಪ್ಪವನ್ನೂ ಸೇರಿಸುತ್ತಾರೆ. ಆರಿದಾಗ ಗಟ್ಟಿಗೊಳ್ಳುವ ಆ ಸಕ್ಕರೆಯೇ ತಿಂಡಿಯ ಎಲುಬುಗೂಡು. ಚಿಟಿಕೆ ಸ್ಯಾಕರಿನ್ನನ್ನು ನೀರಿಗೆ ಹಾಕಿ ಸಂಜೆಯವರೆಗೆ ಕುದಿಸಿದರೂ ಎಳೆ ಬಾರದು. ನೀರು ಆರಿಹೋಗುತ್ತದೆ, ಅಷ್ಟೆ. ಕೇಕಿನಲ್ಲಿಯೂ ಹೀಗೆಯೇ. ಬೆಣ್ಣೆಯೊಡನೆ ಸಕ್ಕರೆಯನ್ನು ಕಡೆಯುವಾಗ ಅದರ ಹರಳುಗಳು ಗಾಳಿಯನ್ನು ಒಳಗೆ ಸೇರಿಸುತ್ತವೆ. ಬೆಂದ ಮೇಲೆ ತೇವವನ್ನು ಹಿಡಿದಿಟ್ಟು ಕೇಕನ್ನು ಮೃದುವಾಗಿಡುವುದೂ, ಮೇಲ್ಮೈಗೆ ಹೊಂಬಣ್ಣ ಕೊಡುವುದೂ ಸಕ್ಕರೆಯೇ. 200 ಗ್ರಾಂ ಸಕ್ಕರೆಯ ಸಿಹಿಗೆ ಸುಕ್ರಲೋಸ್ ಒಂದು ಗ್ರಾಮಿನ ಮೂರನೆಯ ಒಂದು ಭಾಗ ಸಾಕು. ಆದರೆ ಉಳಿದ 199 ಗ್ರಾಮಿನ ಜಾಗವನ್ನು ತುಂಬುವವರು ಯಾರು? ಇದಕ್ಕಾಗಿಯೇ ಚಮಚದಿಂದ ಅಳೆಯುವ ಪುಡಿಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್‌ನಂಥ ಪಿಷ್ಟದ ಪದಾರ್ಥವನ್ನು ತುಂಬಿರುತ್ತಾರೆ. ಅದರಲ್ಲಿ ಶಕ್ತಿಯೂ ಉಂಟು, ರಕ್ತದ ಗ್ಲೂಕೋಸನ್ನು ಏರಿಸುವ ಗುಣವೂ ಉಂಟು. ಡಬ್ಬಿಯ ಮುಂದಿನ ದೊಡ್ಡಕ್ಷರಗಳಿಗಿಂತ ಹಿಂದಿನ ಸಣ್ಣಕ್ಷರಗಳನ್ನು ಓದುವುದು ಲೇಸು.

ಜಾಗವನ್ನೂ ತುಂಬಿ ಸಿಹಿಯನ್ನೂ ಕೊಡುವುದು ಎರಿತ್ರಿಟಾಲ್. ಅದರ ಸಿಹಿ ಸಕ್ಕರೆಯ ಮೂರನೆಯ ಎರಡು ಭಾಗದಷ್ಟು; ಶಕ್ತಿ ಗ್ರಾಮಿಗೆ 0.2 ಕಿಲೊಕ್ಯಾಲೊರಿ ಮಾತ್ರ. ಆದರೆ ಅದು ಕೆಂಪಗಾಗುವುದಿಲ್ಲ. ಆರಿದಾಗ ಹರಳುಗಟ್ಟಿ ನಾಲಗೆಗೆ ತಣ್ಣನೆಯ ಸ್ಪರ್ಶವನ್ನು ಕೊಡುತ್ತದೆ. ರಕ್ತದಲ್ಲಿ ಇದು ಹೆಚ್ಚಾಗಿರುವವರಲ್ಲಿ ಹೃದಯಾಘಾತಗಳೂ ಹೆಚ್ಚೆಂದು 2023ರಲ್ಲಿ ಒಂದು ಅಧ್ಯಯನ ತೋರಿಸಿತು. ಆದರೆ ಇದೇ ಕಾರಣವೆಂದು ಅದರಿಂದ ಸಿದ್ಧವಾಗಲಿಲ್ಲ. ನನ್ನ ಅಭಿಪ್ರಾಯದಲ್ಲಿ, ಕೇಕಿಗೆ ಹೇಳಿದ ಸಕ್ಕರೆಯ ಅರ್ಧವನ್ನು ಉಳಿಸಿಕೊಂಡು ಉಳಿದರ್ಧಕ್ಕೆ ಮಾತ್ರ ಬದಲಿಯನ್ನು ಬಳಸುವುದು ಮೇಲು. ಮೈಸೂರುಪಾಕನ್ನಂತೂ ಸಕ್ಕರೆಯಿಂದಲೇ ಮಾಡಿ, ತುಂಡನ್ನು ಚಿಕ್ಕದಾಗಿ ಕತ್ತರಿಸಬೇಕು.

ಇವು ನಿರಪಾಯವೆ? 1977ರಲ್ಲಿ, ಬಹಳ ಹೆಚ್ಚಿನ ಪ್ರಮಾಣದಲ್ಲಿ ಸ್ಯಾಕರಿನ್ ತಿಂದ ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬಂದುದರಿಂದ ಕೆನಡಾ ಅದನ್ನು ಆಹಾರದಲ್ಲಿ ನಿಷೇಧಿಸಿತು. ಅಮೆರಿಕ ಎಚ್ಚರಿಕೆಯ ಚೀಟಿಯನ್ನು ಅಂಟಿಸಿತು. ಆ ಕ್ರಿಯೆ ಇಲಿಯ ದೇಹಕ್ಕೆ ವಿಶಿಷ್ಟವಾದುದೆಂದು ತಿಳಿದ ಮೇಲೆ 2000ದಲ್ಲಿ ಚೀಟಿ ಹೋಯಿತು. 2023ರಲ್ಲಿ ಆಸ್ಪರ್ಟೇಮಿನ ಮೇಲೂ ಸಂಶಯ ಬಿದ್ದಿತು. ಆದರೂ ದೇಹದ ತೂಕದ ಕಿಲೋಗ್ರಾಮಿಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಿಂದಿನ ಮಿತಿಯನ್ನು ತಜ್ಞರು ಬದಲಿಸಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ತೂಕವಿಳಿಸುವ ಸಲುವಾಗಿ ಇವನ್ನು ನೆಚ್ಚಬೇಡಿರೆಂದು ಹೇಳಿತು. ಈಗಾಗಲೇ ಮಧುಮೇಹವುಳ್ಳವರಿಗೆ ಆ ಸಲಹೆ ಅನ್ವಯಿಸುವುದಿಲ್ಲ.

ಮಧುಮೇಹಿಯ ಮನೆಯಲ್ಲಿ ಸಕ್ಕರೆಯ ಡಬ್ಬಿ ಪೂರ್ತಿ ಬರಿದಾಗಿರಕೂಡದು. ಇನ್‌ಸುಲಿನ್ ಚುಚ್ಚಿಸಿಕೊಂಡವರು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಗ್ಲೂಕೋಸ್ ತೀರ ಇಳಿದು ಬೆವರು, ನಡುಕ, ಮಂಕು ಕವಿಯುವುದುಂಟು. ಆಗ ಸ್ಟೀವಿಯಾ ಬೆರೆಸಿದ ಪಾನಕವನ್ನು ಕುಡಿಸಿದರೆ ನಾಲಗೆಗೆ ಸಿಹಿಯಾದೀತು, ರಕ್ತಕ್ಕೆ ಏನೂ ದೊರೆಯದು. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಿಕ್ಕ ಚಮಚ ನಿಜವಾದ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕೊಡಬೇಕು. ಹದಿನೈದು ನಿಮಿಷಗಳಲ್ಲಿ ಚೇತರಿಸಿಕೊಳ್ಳದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.