ಸಾಕು ಅಂದವರು ಯಾರು?

ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರ ಬಕೆಟ್ಟು ಹತ್ತಿರ ಬರುವಾಗ ಎಲೆಗಳ ಮೇಲಿನ ಕೈಗಳನ್ನು ಗಮನಿಸಿ. ಮೊದಲ ಅನ್ನ-ತೊವ್ವೆಗೆ ಯಾರದೂ ಕೈ ಅಡ್ಡ ಬರುವುದಿಲ್ಲ. ಹುಳಿಯ ಹೊತ್ತಿಗೆ ಒಂದೆರಡು ಕೈ. ಚಿರೋಟಿಯವನು ಎರಡನೇ ಸಲ ಬಂದಾಗ ಸಾಲಿಡೀ ‘ಸಾಕು, ಸಾಕು’. ಅಷ್ಟಾದರೂ ಕೈ ಅಡ್ಡ ಹಿಡಿಯದವರು ಇರುತ್ತಾರೆ. ಅವರದು ನಾಲಿಗೆ ಚಪಲ ಎಂದು ನಾವು ಅತ್ತ ತಿರುಗಿ ನಗುತ್ತೇವೆ. ನಾನೂ ನಕ್ಕವನೇ. ಆದರೆ ಸಾಕು ಎಂಬ ಮಾತು ಹೊರಡುವುದು ನಾಲಿಗೆಯಿಂದಲ್ಲ, ಕರುಳಿನಿಂದ. ಆ ಮಾತು ಎಲ್ಲರ ಮೈಯಲ್ಲೂ ಒಂದೇ ದನಿಯಲ್ಲಿ ಕೇಳಿಸುವುದಿಲ್ಲ ಎಂದು ತಿಳಿದ ಮೇಲೆ ಆ ನಗು ಕಡಿಮೆಯಾಗಿದೆ.

ಕನ್ನಡದಲ್ಲಿ ಕರುಳಿಗೆ ಮಮತೆಯ ಕೆಲಸ ವಹಿಸಿಕೊಟ್ಟಿದ್ದೇವೆ. ಕರುಳು ಚುರುಕ್ಕೆನ್ನುತ್ತದೆ, ಕರುಳ ಕುಡಿ ಚಿಗುರುತ್ತದೆ. ವೈದ್ಯಶಾಸ್ತ್ರ ಮಾತ್ರ ಬಹುಕಾಲ ಅದನ್ನು ಬರೀ ಕೊಳವೆಯೆಂದೇ ಬಗೆದಿತ್ತು. ಮೇಲಿನಿಂದ ಹಾಕಿದ್ದನ್ನು ಅರಗಿಸು, ಹೀರು, ಉಳಿದದ್ದನ್ನು ತಳ್ಳು. ಅದಕ್ಕೆ ಅಪ್ಪಣೆ ಕೊಡುವುದೇನಿದ್ದರೂ ನರಗಳು. ರಷ್ಯಾದ ಪಾವ್ಲೋವ್ ಹಾಗೆಂದು ಗಟ್ಟಿಯಾಗಿ ನಂಬಿದ್ದರು. ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ಲನ್ನೂ ಪಡೆದರು.

ಅದಕ್ಕೆ ಎರಡು ವರ್ಷ ಮೊದಲೇ, 1902ರ ಜನವರಿಯಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆ ನಂಬಿಕೆ ಬಿರುಕು ಬಿಟ್ಟಿತ್ತು. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಭಾವಮೈದುನರು. ಅರಿವಳಿಕೆ ಕೊಟ್ಟ ನಾಯಿಯೊಂದರ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಬಿಟ್ಟರು. ತಂತಿ ಕಡಿದ ಮೇಲೆ ಸುದ್ದಿ ಹೋಗುವುದೆಲ್ಲಿಂದ? ಆದರೂ ಮೇದೋಜೀರಕ ಗ್ರಂಥಿ ಎಂದಿನಂತೆ ರಸ ತೊಟ್ಟಿಕ್ಕಿತು. ಸ್ಟಾರ್ಲಿಂಗ್ ತಡಮಾಡಲಿಲ್ಲ. ಕರುಳಿನ ಒಳಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲ ಸೇರಿಸಿ ಅರೆದು, ಸೋಸಿ, ನಾಯಿಯ ರಕ್ತನಾಳಕ್ಕೆ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಮತ್ತೆ ರಸ ತೊಟ್ಟಿಕ್ಕಿತು. ಸುದ್ದಿ ತಂತಿಯಲ್ಲಿ ಹೋಗಿರಲಿಲ್ಲ, ರಕ್ತದಲ್ಲಿ ಈಜಿಕೊಂಡು ಹೋಗಿತ್ತು. ಆ ಸುದ್ದಿಗಾರನಿಗೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂಥ ಸುದ್ದಿಗಾರರ ಕುಲಕ್ಕೆಲ್ಲ ಒಂದು ಹೆಸರು ಬೇಕಾಯಿತು. 1905ರಲ್ಲಿ ಸ್ಟಾರ್ಲಿಂಗ್ ಗ್ರೀಕ್ ಮೂಲದಿಂದ ‘ಹಾರ್ಮೋನು’ ಎಂಬ ಪದವನ್ನು ತಂದರು. ಇಂದು ಥೈರಾಯ್ಡಿಗೂ ಹರೆಯಕ್ಕೂ ಜೋಡಿಸಿ ಆಡುವ ಈ ಮಾತಿನ ತವರು ಕರುಳು.

ಕರುಳಿನ ಸಾರ ಮೇದೋಜೀರಕವನ್ನು ಎಬ್ಬಿಸುವುದಾದರೆ ಸಕ್ಕರೆ ಕಾಯಿಲೆಗೂ ಆದೀತೆ? 1906ರಲ್ಲಿ ಲಿವರ್‌ಪೂಲಿನ ವೈದ್ಯರು ಆ ಸಾರವನ್ನು ರೋಗಿಗಳಿಗೆ ಕುಡಿಸಿಯೇಬಿಟ್ಟರು. ಮೊದಲಿಗೆ ಆಸೆ ಹುಟ್ಟಿತು, ಆಮೇಲೆ ಕೈಗೂಡಲಿಲ್ಲ. ಇಂಥ ಪ್ರೋಟೀನಿನ ತುಣುಕನ್ನು ಬಾಯಿಯಿಂದ ಕೊಟ್ಟರೆ ಹೊಟ್ಟೆ ಅದನ್ನೂ ಊಟದಂತೆಯೇ ಅರಗಿಸಿಬಿಡುತ್ತದೆ. 1921ರಲ್ಲಿ ಇನ್ಸುಲಿನ್ ಸಿಕ್ಕಿತು. ಕರುಳಿನ ಕಥೆ ಮೂಲೆಗೆ ಬಿತ್ತು.

ಅದನ್ನು ಮತ್ತೆ ಎತ್ತಿಕೊಂಡದ್ದು 1964ರಲ್ಲಿ. ಅಷ್ಟರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬೆರ್ಸನ್ ರಕ್ತದಲ್ಲಿನ ಇನ್ಸುಲಿನ್ ಅಳೆಯುವ ವಿಧಾನವನ್ನು ಕಂಡುಹಿಡಿದಿದ್ದರು. ಅಳತೆಗೋಲು ಸಿಕ್ಕಮೇಲೆ ಪ್ರಶ್ನೆ ಸರಳ. ಗ್ಲೂಕೋಸನ್ನು ಕುಡಿದರೂ ಡ್ರಿಪ್ಪಿನಲ್ಲಿ ಏರಿಸಿಕೊಂಡರೂ ಇನ್ಸುಲಿನ್ ಒಂದೇ ಸಮ ಬರುತ್ತದೆಯೇ? ಬರುವುದಿಲ್ಲ. ರಕ್ತದಲ್ಲಿ ಸಕ್ಕರೆ ಅಷ್ಟೇ ಏರಿದ್ದರೂ ಬಾಯಿಯ ದಾರಿಯಲ್ಲಿ ಬಂದದ್ದಕ್ಕೆ ಇನ್ಸುಲಿನ್ ಬಹಳ ಹೆಚ್ಚು. ಊಟದ ನಂತರ ಒಸರುವ ಇನ್ಸುಲಿನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಕರುಳಿನ ಮುನ್ಸೂಚನೆಯಿಂದ ಬರುತ್ತದೆ. ನೆಂಟರು ಬಸ್ಸಿಳಿದದ್ದನ್ನು ಕಂಡ ಪಕ್ಕದ ಮನೆಯ ಹುಡುಗ ಓಡಿಬಂದು ಹೇಳಿದರೆ ಒಲೆಯ ಮೇಲೆ ಒಂದು ಪಾವು ಅಕ್ಕಿ ಹೆಚ್ಚಿಗೆ ಬೀಳುವುದಿಲ್ಲವೇ, ಹಾಗೆ. ಎರಡನೇ ಬಗೆಯ ಸಕ್ಕರೆ ಕಾಯಿಲೆಯವರಲ್ಲಿ ಈ ಮುನ್ಸೂಚನೆಯೇ ಕುಗ್ಗಿರುತ್ತದೆ ಎಂಬುದು 1986ರ ಹೊತ್ತಿಗೆ ಗೊತ್ತಾಯಿತು.

ಆ ಹುಡುಗರು ಇಬ್ಬರು. ಸಣ್ಣ ಕರುಳಿನ ಮೇಲ್ಭಾಗದಿಂದ ಬರುವವನು ಜಿಐಪಿ. ಕೆಳಭಾಗದಿಂದ ಮತ್ತು ದೊಡ್ಡ ಕರುಳಿನಿಂದ ಬರುವವನು ಜಿಎಲ್‌ಪಿ-1. ಎರಡನೆಯವನು ಸಾಧಾರಣದವನಲ್ಲ. ಇನ್ಸುಲಿನ್ ಹೊರಡಿಸುತ್ತಾನೆ, ಅದೂ ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮಾತ್ರ. ಯಕೃತ್ತಿನಿಂದ ಸಕ್ಕರೆ ಬಿಡಿಸುವ ಗ್ಲೂಕಗಾನನ್ನು ತಡೆಯುತ್ತಾನೆ. ಜಠರದ ಬಾಗಿಲನ್ನು ಓರೆಮಾಡಿ ಊಟ ನಿಧಾನವಾಗಿ ಕೆಳಗಿಳಿಯುವಂತೆ ನೋಡಿಕೊಳ್ಳುತ್ತಾನೆ. ಮಿದುಳಿಗೆ ‘ಸಾಕು’ ಎನ್ನುತ್ತಾನೆ. ಇವನ ಸರಿಯಾದ ರೂಪವನ್ನು 1980ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಗುರುತಿಸಿದವರಲ್ಲಿ ಸ್ವೆಟ್ಲಾನಾ ಮೊಯ್ಸೊವ್ ಪ್ರಮುಖರು. ಬಹುಮಾನಗಳ ಪಟ್ಟಿಯಲ್ಲಿ ಅವರ ಹೆಸರು ಬಿಟ್ಟುಹೋಗುತ್ತಲೇ ಇತ್ತು. 2024ರಲ್ಲಿ ಜೋಯೆಲ್ ಹೇಬನರ್ ಮತ್ತು ಲೋಟೆ ಬ್ಯೆರೆ ಕ್ನುಡ್ಸೆನ್ ಜೊತೆ ಲಾಸ್ಕರ್ ಪ್ರಶಸ್ತಿ ಸಿಕ್ಕಾಗ ತಡವಾಗಿಯಾದರೂ ಲೆಕ್ಕ ಸರಿಯಾಯಿತು.

ಒಂದೇ ತೊಡಕು, ಈ ಹಾರ್ಮೋನಿನ ಆಯಸ್ಸು. ರಕ್ತಕ್ಕೆ ಬಿದ್ದ ಎರಡೇ ನಿಮಿಷದಲ್ಲಿ ಒಂದು ಕಿಣ್ವ ಇದರ ಅರ್ಧ ಪಾಲನ್ನು ಕತ್ತರಿಸಿಹಾಕುತ್ತದೆ. ಇಷ್ಟು ಅಲ್ಪಾಯುವಿನಿಂದ ಔಷಧ ಮಾಡುವುದು ಹೇಗೆ?

ಉತ್ತರ ಬಂದದ್ದು ಹಲ್ಲಿಯ ಬಾಯಿಂದ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಹೀಲಾ ಮಾನ್‌ಸ್ಟರ್ ಎಂಬ ದಪ್ಪ ಬಾಲದ, ಕಪ್ಪು-ಕಿತ್ತಳೆ ಬಣ್ಣದ ವಿಷಹಲ್ಲಿಯಿದೆ. ವರ್ಷಕ್ಕೆ ಬೆರಳೆಣಿಕೆಯಷ್ಟೇ ಸಲ ಹೊಟ್ಟೆ ತುಂಬ ಉಂಡು, ಉಳಿದಂತೆ ಬಾಲದ ಕೊಬ್ಬಿನಲ್ಲೇ ದಿನ ನೂಕುವ ಪ್ರಾಣಿ. ಅದರ ವಿಷ ಮೇದೋಜೀರಕವನ್ನು ಕೆಣಕುತ್ತದೆಂಬ ವರದಿ ಓದಿ ಕುತೂಹಲಗೊಂಡ ಜಾನ್ ಎಂಗ್ ಆ ವಿಷವನ್ನು ತರಿಸಿ ಜಾಲಾಡಿದರು. ಅವರು ಯಾಲೋ ಅವರ ಜೊತೆ, ಅದೇ ಬ್ರಾಂಕ್ಸ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. 1992ರಲ್ಲಿ ಎಕ್ಸೆಂಡಿನ್-4 ಸಿಕ್ಕಿತು. ಅರ್ಧದಷ್ಟು ಜಿಎಲ್‌ಪಿ-1ನ್ನೇ ಹೋಲುವ ರಚನೆ, ಆದರೆ ಆ ಕಿಣ್ವದ ಕತ್ತರಿಗೆ ಬಗ್ಗುವುದಿಲ್ಲ. ಸರ್ಕಾರಿ ಸಂಸ್ಥೆ ಪೇಟೆಂಟಿಗೆ ಮನಸ್ಸು ಮಾಡದಿದ್ದಾಗ ಎಂಗ್ ತಾವೇ ಅದನ್ನು ಮಾಡಿಸಿಕೊಂಡರು. 2005ರಲ್ಲಿ ಅದು ಎಕ್ಸೆನಟೈಡ್ ಎಂಬ ಚುಚ್ಚುಮದ್ದಾಗಿ ಅಮೆರಿಕದ ಅಂಗಡಿಗೆ ಬಂತು. ಇಂಥದ್ದನ್ನು ಓದಿದಾಗಲೆಲ್ಲ ನಮ್ಮ ಘಟ್ಟದ ಯಾವ ಓತಿಕ್ಯಾತದ ಒಳಗೆ ಏನೇನಿದೆಯೋ ಎಂದು ನನಗೆ ಅನಿಸುವುದುಂಟು.

ಮುಂದಿನದು ವೇಗದ ಕಥೆ. ಡೆನ್ಮಾರ್ಕಿನಲ್ಲಿ ಕ್ನುಡ್ಸೆನ್ ತಂಡ ಹಾರ್ಮೋನಿಗೆ ಕೊಬ್ಬಿನ ಬಾಲವೊಂದನ್ನು ಕಟ್ಟಿ, ರಕ್ತದ ಅಲ್ಬುಮಿನ್ನಿಗೆ ಅಂಟಿಕೊಂಡು ತೇಲುವಂತೆ ಮಾಡಿತು. ದಿನಕ್ಕೊಂದು ಸೂಜಿಯ ಲಿರಾಗ್ಲುಟೈಡ್, ಆಮೇಲೆ ವಾರಕ್ಕೊಂದು ಸೂಜಿಯ ಸೆಮಾಗ್ಲುಟೈಡ್. ಜಿಐಪಿಯ ಕೆಲಸವನ್ನೂ ಸೇರಿಸಿಕೊಂಡ ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ಭಾರತಕ್ಕೆ ಬಂತು. ದೊಡ್ಡ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್ 68 ವಾರಗಳಲ್ಲಿ ಸರಾಸರಿ ಸುಮಾರು 15% ತೂಕ ಇಳಿಸಿತು. ಟಿರ್ಜೆಪಟೈಡಿನ ದೊಡ್ಡ ಪ್ರಮಾಣ 72 ವಾರಗಳಲ್ಲಿ ಸುಮಾರು 21%. ವಾಕರಿಕೆ, ವಾಂತಿ, ಮಲಬದ್ಧತೆ ಜೊತೆಗೇ ಬರುತ್ತವೆ. ಕೊಬ್ಬಿನೊಂದಿಗೆ ಸ್ನಾಯುವೂ ಒಂದಿಷ್ಟು ಕರಗುತ್ತದೆ. ಮದುವೆಗೆ ಮುಂಚೆ ಸಣ್ಣಗಾಗಬೇಕೆಂದು ವೈದ್ಯರ ಚೀಟಿಯಿಲ್ಲದೆ ಚುಚ್ಚಿಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಸೂಜಿ ನಿಲ್ಲಿಸಿದರೆ? ಸೆಮಾಗ್ಲುಟೈಡ್ ಬಿಟ್ಟ ಒಂದು ವರ್ಷದಲ್ಲಿ ಕಳೆದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ಸು ಬಂದಿತ್ತು. ಮನಸ್ಸು ಗಟ್ಟಿಯಿಲ್ಲ ಎಂದುಬಿಡುವುದು ಸುಲಭ. ಮೆಲ್ಬರ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಆ ಮಾತನ್ನು ಗಂಟಲಲ್ಲೇ ತಡೆಯುತ್ತದೆ. ಅಧಿಕ ತೂಕದ 50 ಮಂದಿಗೆ 10 ವಾರ ಕಟ್ಟುನಿಟ್ಟಿನ ಪಥ್ಯ ಹಾಕಿ ಇಳಿಸಿದರು. ವರ್ಷ ಕಳೆದ ಮೇಲೂ ಅವರ ರಕ್ತದಲ್ಲಿ ಹಸಿವಿನ ಹಾರ್ಮೋನು ಗ್ರೆಲಿನ್ ಮೊದಲಿಗಿಂತ ಹೆಚ್ಚಿತ್ತು. ತೃಪ್ತಿಯ ಸುದ್ದಿ ತರುವ ಪಿವೈವೈ ಮತ್ತು ಸಿಸಿಕೆ ಕಡಿಮೆಯಿದ್ದವು. ಜಠರದಿಂದ ಬರುವ ಈ ಗ್ರೆಲಿನನ್ನು ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಪತ್ತೆ ಮಾಡಿದ್ದರು. ಊಟದ ಹೊತ್ತಿಗೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹೊಟ್ಟೆ ತಾಳ ಹಾಕುವುದರ ಹಿಂದೆ ಇದರ ಕೈಯಿದೆ. ಇಳಿದ ತೂಕವನ್ನು ಮೈ ನಷ್ಟವೆಂದೇ ಬಗೆಯುತ್ತದೆ. ಹಸಿವಿನ ದನಿಯನ್ನು ಏರಿಸಿ, ಸಾಕು ಎಂಬ ದನಿಯನ್ನು ತಗ್ಗಿಸಿ, ಸುಡುವ ಶಕ್ತಿಯನ್ನೂ ಕಡಿತಗೊಳಿಸಿ ಆ ನಷ್ಟ ತುಂಬಿಕೊಳ್ಳಲು ನೋಡುತ್ತದೆ.

ಹಾಗಾದರೆ ಸೂಜಿಯಿಲ್ಲದೆ ಏನೂ ಆಗದೆ? ಸ್ವಲ್ಪ ಆಗುತ್ತದೆ. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ 11 ಮಂದಿ ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟರು. ತರಕಾರಿ, ಕೋಳಿಮಾಂಸ ಮೊದಲು, ಬ್ರೆಡ್ಡು ಮತ್ತು ಹಣ್ಣಿನ ರಸ ಕೊನೆಗೆ ಎಂದಾಗ ಒಂದು ಗಂಟೆಯ ನಂತರದ ಸಕ್ಕರೆ ಸುಮಾರು 37% ಕಡಿಮೆ ಇತ್ತು. ಪ್ರಯೋಗ ಚಿಕ್ಕದು. ಅದನ್ನು ಓದುತ್ತ ನನಗೆ ಕಂಡದ್ದು ಎಲೆಯ ತುದಿಯ ಕೋಸಂಬರಿ. ನೆನೆದ ಹೆಸರುಬೇಳೆ, ಸೌತೆಕಾಯಿ, ಪಕ್ಕದಲ್ಲಿ ಪಲ್ಯ, ಅನ್ನ ಆಮೇಲೆ. ಹಿರಿಯರಿಗೆ ಜಿಎಲ್‌ಪಿ-1 ಗೊತ್ತಿತ್ತು ಎಂದು ನಾನು ವಾದಿಸುವುದಿಲ್ಲ. ಅದೇ ಎಲೆಯ ಮೂಲೆಯಲ್ಲಿ ಪಾಯಸವೂ ಮೊದಲೇ ಬಿದ್ದಿರುತ್ತದಲ್ಲ. 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಲೆಕ್ಕ ಹಾಕಿದ ದೇಶದಲ್ಲಿ ಕೋಸಂಬರಿಯನ್ನು ಎರಡು ಚಮಚದ ಶಾಸ್ತ್ರವಾಗಿಸದೆ ಒಂದು ಬಟ್ಟಲಿಗೆ ಏರಿಸಬಹುದು ಎಂಬುದಷ್ಟೇ ನನ್ನ ಮಾತು.

ಇನ್ನು ಶಕ್ತಿಯ ಖರ್ಚು. ಈ ಹೊಸ ಔಷಧಗಳು ಕೊಬ್ಬನ್ನು ಸುಡುತ್ತವೆ ಎಂದು ಜನ ಮಾತಾಡಿಕೊಳ್ಳುತ್ತಾರೆ. ಬಹುಪಾಲು ಸುಳ್ಳು, ತೂಕ ಇಳಿಯುವುದು ಕಡಿಮೆ ಉಣ್ಣುವುದರಿಂದ. ಆದರೆ ಉಂಡ ಮೇಲೆ ಮೈ ಬೆಚ್ಚಗಾಗುವುದು ಸುಳ್ಳಲ್ಲ. ತಿಂದ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಅರಗಿಸುವ ಕೆಲಸದಲ್ಲೇ ಶಾಖವಾಗಿ ಹೋಗುತ್ತದೆ. 2018ರಲ್ಲಿ ಮ್ಯೂನಿಕ್ಕಿನ ಸಂಶೋಧಕರು ಇಲಿಗಳಲ್ಲಿ ಕಂಡದ್ದು: ಊಟವಾದೊಡನೆ ಕರುಳಿನಿಂದ ಹೊರಟ ಒಂದು ಹಾರ್ಮೋನು ಕಂದು ಕೊಬ್ಬನ್ನು ತಟ್ಟಿ ಬಿಸಿ ಮಾಡಿಸುತ್ತದೆ, ಆ ಬಿಸಿಯೇ ಮಿದುಳಿಗೆ ಸಾಕು ಎಂಬ ಸುದ್ದಿಯಾಗುತ್ತದೆ. 2021ರಲ್ಲಿ ಫಿನ್ಲೆಂಡಿನ ಟುರ್ಕುವಿನಲ್ಲಿ ಅದನ್ನೇ ಗಂಡಸರ ರಕ್ತನಾಳಕ್ಕೆ ಬಿಟ್ಟಾಗ ಅವರ ಕಂದು ಕೊಬ್ಬು ಚುರುಕಾಯಿತು. ತಿಂಡಿಯ ಚಿತ್ರ ತೋರಿಸಿದರೂ ಮಿದುಳಿನ ಆಸೆಯ ಭಾಗಗಳು ಅಷ್ಟಾಗಿ ಮಿಡಿಯಲಿಲ್ಲ, ಮತ್ತೆ ಉಣ್ಣುವ ಮನಸ್ಸು ತಡವಾಗಿ ಬಂತು. ಆ ಹಾರ್ಮೋನು ಬೇರೆ ಯಾವುದೂ ಅಲ್ಲ, 1902ರ ಸೆಕ್ರೆಟಿನ್.